ಕುಂದರದೆ ಬಂದ ಬೀಗರು

ಗಂಡನ ಹೆಸರನ್ನು ಬಾಯಲ್ಲಿ ತರಬಾರದು ಎಂದು ನಮ್ಮ ಅತ್ತೆ ನನಗೆ ಕಲಿಸಿದ್ದರು. ಅತ್ತೆ ಈಗಿಲ್ಲ. ಈ ಮನುಷ್ಯ ಮಾಡಿದ ಕೆಲಸವನ್ನು ಹೆಸರು ಹಿಡಿದೇ ಹೇಳಬೇಕು, ಇಲ್ಲದಿದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ಜಂಬಣ್ಣ. ಮಾನ್ವಿಯಲ್ಲಿ ಸಣ್ಣದೊಂದು ರೈಸ್ ಮಿಲ್ಲು ನಡೆಸುತ್ತಾರೆ. ನಾನು ಸುನಂದಾ, ಅವರ ಹೆಂಡತಿ.

ಇವರನ್ನು ಬಲ್ಲವರಿಗೆಲ್ಲ ಇವರ ಒಂದು ಮಾತು ಗೊತ್ತು: “ಬರ್ರಿ, ಕುಂದ್ರ್ರಿ.” ಟ್ರ್ಯಾಕ್ಟರಿನಲ್ಲಿ ಭತ್ತ ತಂದ ರೈತ ಇರಲಿ, ಕರೆಂಟಿನ ಮೀಟರ್ ನೋಡಲು ಬಂದವನಿರಲಿ, ದಾರಿ ಕೇಳಲು ಬಂದ ಪರವೂರಿನವನಿರಲಿ, ಮೊದಲು ಕುಂದರಬೇಕು. ಅವಸರ ಐತ್ರಿ ಎಂದು ಯಾರಾದರೂ ಅಂದರೆ, “ನಿಂತು ಮಾತಾಡಾಕ ಇದೇನು ಬಸ್ ಸ್ಟ್ಯಾಂಡೇನ್ರಿ?” ಎಂದು ಕೈ ಹಿಡಿದು ಗಾದಿಯ ಮೇಲೆ ಎಳೆದು ಕೂರಿಸುತ್ತಾರೆ. ಆಮೇಲೆ ನಾಲ್ಕು ಕಾಳು ಭತ್ತ ತೆಗೆದುಕೊಂಡು ಹಲ್ಲಿನಲ್ಲಿ ಕಟ್ಟೆಂದು ಕಡಿದು, “ಹಸಿ ಅದ ಯಜಮಾನ್ರ, ಇನ್ನೊಂದು ಬಿಸಿಲು ಕಾಣಬೇಕು” ಎನ್ನುತ್ತಾರೆ. ಯಾರೂ ಎದುರಾಡುವುದಿಲ್ಲ.

ಸುಗ್ಗಿ ಬಂತೆಂದರೆ ಮುಂಜಾನೆ ಗಾದಿಯ ಮೇಲೆ ಕುಂತವರು ದೀಪ ಹಚ್ಚುವ ತನಕ ಏಳುವುದಿಲ್ಲ. ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜಿ, ಚಹಾ ಎಲ್ಲ ಅಲ್ಲಿಗೇ. ನೀರು ಮಾತ್ರ ಮುಟ್ಟುವುದಿಲ್ಲ. “ನೀರು ಕುಡದ್ರ ಎದ್ದು ಹೋಗಬೇಕಲ್ಲ, ಬಂದ ಗಿರಾಕಿ ಹೋಗಿಬಿಡ್ತಾನ” ಎಂಬುದು ಇವರ ಬುದ್ಧಿವಂತಿಕೆ. ಬಡಕೊಂಡೆ ನಾನು. ಕೇಳಬೇಕಲ್ಲ?

ಹೋದ ಸುಗ್ಗಿ ಮುಗಿಯುವ ಹೊತ್ತಿಗೆ ಇವರ ರೀತಿ ಬದಲಾಯಿತು. ಮದುವೆಯಾದಾಗಿನಿಂದ ತಮ್ಮ ಒಂದು ಟವೆಲ್ಲನ್ನೂ ಹಿಂಡಿ ಗೊತ್ತಿಲ್ಲದ ಗಂಡಸು, ನಸುಕಿನಲ್ಲಿ ಎದ್ದು ಬಚ್ಚಲ ಬಾಗಿಲು ಹಾಕಿಕೊಂಡು ತಮ್ಮ ಧೋತರ ತಾವೇ ಒಗೆಯತೊಡಗಿದರು. ಕೇಳಿದರೆ, “ನಿನಗ್ಯಾಕ ತ್ರಾಸು” ಅಂದರು. ನನ್ನ ತ್ರಾಸಿನ ಮೇಲೆ ಇವರಿಗೆ ಇದ್ದಕ್ಕಿದ್ದಂತೆ ಇಷ್ಟು ಕಾಳಜಿ ಬಂದದ್ದು ನೋಡಿಯೇ ನನಗೆ ಸಂಶಯ ಬಂತು. ಊಟ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತುಕೊಂಡೇ. ಮಿಲ್ಲಿನಲ್ಲಿ ಬಂದವರಿಗೆ “ಕುಂದ್ರ್ರಿ” ಎನ್ನುವುದು, ತಾವು ಮಾತ್ರ ತಕ್ಕಡಿಯ ಕಂಬ ಹಿಡಿದು ನಿಲ್ಲುವುದು. ಜಂಬಣ್ಣಗ ಈಗ ಸೊಕ್ಕು ಬಂದದ ಎಂದು ಊರಿನ ಬಾಯಿ ಆಡಿತು. ಎದುರಿನ ಗೋಡೆಯ ಮೇಲೆ ಯಾರೋ ದಪ್ಪ ಅಕ್ಷರದಲ್ಲಿ ಮೂಲವ್ಯಾಧಿಯ ಔಷಧದ ಜಾಹೀರಾತು ಬರೆಸಿದ್ದರು. ಒಂದು ದಿನ ಇವರು ಗಾದಿಯನ್ನೇ ಎತ್ತಿಸಿ ಆ ಗೋಡೆಗೆ ಬೆನ್ನಾಗುವಂತೆ ಹಾಕಿಸಿದರು. ಯಾಕ್ರಿ ಎಂದರೆ ವಾಸ್ತು ಎಂದರು. ನಾನು ನಂಬಿದೆ, ನನ್ನ ಹಣೆಬರಹ.

ಇದೇ ಹೊತ್ತಿಗೆ ನಮ್ಮ ಮಗಳು ಐಶ್ವರ್ಯಾಳ ಮದುವೆಯ ಮಾತು ನಡೆದಿತ್ತು. ಅವಳು ಮಾನ್ವಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ದೇವದುರ್ಗದ ಉದಯಕುಮಾರನೂ ಮಾಸ್ತರ. ರಾಯಚೂರಿನಲ್ಲಿ ನಡೆದ ತರಬೇತಿಯಲ್ಲಿ ಇಬ್ಬರಿಗೂ ಪರಿಚಯವಾಗಿ, ಒಬ್ಬರಿಗೊಬ್ಬರು ಮನಸ್ಸಿಗೆ ಬಂದಿದ್ದರು. ಮಠದ ಮಹಾಂತಯ್ಯನವರು ತಾವೇ ಹುಡುಕಿ ತಂದ ಸಂಬಂಧ ಎಂಬಂತೆ ಮಾತು ತೆಗೆದರು. ನಾವೂ ಈಗಷ್ಟೇ ಕೇಳಿದವರಂತೆ ಕೇಳಿದೆವು. ಗಂಡಿನವರು ಬಂದು ಹೆಣ್ಣು ನೋಡಿ, ಉಂಡು, ಸಂತೋಷದಿಂದ ಹೋದರು. ಇನ್ನು ನಾವು ಅವರ ಮನೆ ನೋಡಲು ಹೋಗಬೇಕು.

ಈ ಮನೆ ನೋಡುವುದಕ್ಕೆ ನಮ್ಮ ಜನರಲ್ಲಿ ಒಂದು ರಿವಾಜು. ಹೋದವರು ಹಾಸಿದ ಜಮಖಾನದ ಮೇಲೆ ಕುಂತು, ನೀರು ಕುಡಿದು, ಅವರು ಕೊಟ್ಟ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮನೆ ಒಪ್ಪಿತು ಎಂದು ಅರ್ಥ. ಮನಸ್ಸಿಗೆ ಬರಲಿಲ್ಲ ಎಂದರೆ ಬಾಯಿಬಿಟ್ಟು ಹೇಳುವ ಕಠೋರತನ ಇಲ್ಲ. ಏನೋ ನೆಪ ತೆಗೆದು, ನಿಂತೇ ನೀರು ಕುಡಿದು ಹೊರಟುಬಿಡುತ್ತಾರೆ. ಮನೆಯವರು ತಿಳಿದುಕೊಳ್ಳುತ್ತಾರೆ.

ಬಾಡಿಗೆ ಕಾರಿನಲ್ಲಿ ಸಿರವಾರದ ಮೇಲೆ ಹಾಯ್ದು ದೇವದುರ್ಗಕ್ಕೆ ಹೋದೆವು. ರಸ್ತೆಯ ತಗ್ಗು ದಿಣ್ಣೆ ಕೇಳಬೇಡಿ. ಒಂದೊಂದು ತಗ್ಗಿಗೂ ಇವರು ಮೇಲಿನ ಹಿಡಿಕೆ ಹಿಡಿದು ಅರ್ಧ ಮೇಲೇಳುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು. ಮಗಳ ಮದುವೆಯ ಚಿಂತೆ ಇರಬೇಕು, ಪಾಪ, ಎಂದು ನಾನು ನನ್ನೊಳಗೇ ಕರಗಿದೆ.

ಬೀಗರಾಗಬೇಕಾದ ಬಸವಲಿಂಗಪ್ಪನವರದು ಬಟ್ಟೆ ಅಂಗಡಿ. ಮಾತು ಕಡಿಮೆ, ಮಾನ ಹೆಚ್ಚು. ಪಡಸಾಲೆಯಲ್ಲಿ ಹೊಸ ಜಮಖಾನ ಹಾಸಿ, ಅದರ ಮೇಲೆ ಹಾಲಿನಂಥ ಬಿಳಿ ಚಾದರ ಹಾಸಿದ್ದರು. ಅವರ ಹೆಂಡತಿ ಬಸವಂತಮ್ಮ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಸಕ್ಕರೆ ಹಿಡಿದು ಒಳಬಾಗಿಲಿಗೆ ಆತು ನಿಂತಿದ್ದರು.

“ಬರ್ರಿ ಬೀಗರ, ಕುಂದ್ರ್ರಿ” ಎಂದರು ಬಸವಲಿಂಗಪ್ಪ.

ಇವರು ಆ ಬಿಳಿ ಚಾದರವನ್ನು ನೋಡಿದರು. ಹಾವು ಕಂಡವರಂತೆ ಒಂದು ಹೆಜ್ಜೆ ಹಿಂದೆ ಸರಿದರು. “ಇರ್ಲಿ ಬಿಡ್ರಿ, ಗಾಡ್ಯಾಗ ಕುಂತು ಕುಂತು ಸಾಕಾಗ್ಯಾದ. ಏನ್ ಕಂಬ ರೀ ಇವು! ಸಾಗವಾನಿ ಏನ್ರಿ?”

“ಬೇವಿನವು.”

“ಹೌದೌದು, ಬೇವು. ಬೇವಂದ್ರ ಬೇವು.”

ನಾನು ಕಣ್ಣು ಸನ್ನೆ ಮಾಡಿದೆ. ಸೀರೆಯ ಸೆರಗಿನ ಮರೆಯಲ್ಲಿ ಕೈ ಸನ್ನೆ ಮಾಡಿದೆ. ಈ ಮನುಷ್ಯ ಮಾಳಿಗೆಯ ಜಂತಿ ನೋಡಿದರು, ಗೋಡೆಯ ಮೇಲಿನ ಸ್ವಾಮಿಗಳ ಫೋಟೋಕ್ಕೆ ಕೈ ಮುಗಿದರು, ಕಿಟಕಿಯ ಸರಳು ಅಲ್ಲಾಡಿಸಿ ಗಟ್ಟಿ ಅದ ಎಂದರು. ಉದಯಕುಮಾರನೇ ಬಂದು, “ಮಾವಾರ, ಕುಂದ್ರ್ರಿ” ಎಂದ. ಅದಕ್ಕೂ ಕಿವಿ ಇಲ್ಲ. ಕೊನೆಗೆ ಬಸವಂತಮ್ಮನ ಕೈಯಿಂದ ತಂಬಿಗೆ ತೆಗೆದುಕೊಂಡು, ನಿಂತಲ್ಲೇ, ಗಟಗಟನೆ ನೀರು ಕುಡಿದುಬಿಟ್ಟರು.

ಬಸವಲಿಂಗಪ್ಪ ಹೆಂಡತಿಯ ಕಡೆ ತಿರುಗಿ ಸಣ್ಣಗೆ ಕೈ ಆಡಿಸಿದರು. ಸಕ್ಕರೆಯ ತಟ್ಟೆ ಒಳಗೆ ಹೋಯಿತು.

ಮರುದಿನವೇ ಮಹಾಂತಯ್ಯನವರು ಮನೆಗೆ ಬಂದು ಅಲ್ಲಿಂದ ಬಂದ ಮಾತು ಹೇಳಿದರು. “ನಮ್ಮ ಮನಿ ಅವರಿಗೆ ಕುಂದ್ರಾಕ ಸೈತ ಯೋಗ್ಯ ಕಾಣಲಿಲ್ಲ. ಇಲ್ಲಿಗೇ ಬಿಡೋಣು ಅಂದಾರವ್ವಾ. ಜಂಬಣ್ಣ ಹಿಂಗ್ಯಾಕ ಮಾಡಿದ?” ಎಂದು ನನ್ನನ್ನೇ ಕೇಳಿದರು. ನನಗೆ ಗೊತ್ತಿದ್ದರೆ ತಾನೆ?

ಐಶ್ವರ್ಯಾ ಶಾಲೆಯಿಂದ ಬಂದವಳು ಎಲ್ಲ ಕೇಳಿದಳು. ಅತ್ತರೆ ಸಮಾಧಾನ ಮಾಡಬಹುದಿತ್ತು, ಅವಳು ಅಳಲಿಲ್ಲ. ಅಪ್ಪನ ಎದುರು ಹೋಗಿ ನಿಂತಳು. “ಯಪ್ಪಾ, ಹುಡುಗ ನಿಮಗ ಸೇರಿಲ್ಲಂದ್ರ ನನಗ ಹೇಳಬೇಕಿತ್ತು. ಅವರ ಮನಿಗೆ ಹೋಗಿ ಅವರ ಮಾನ ಯಾಕ ತೆಗದ್ರಿ? ನನ್ನ ಮನಸ್ಸು ನಿಮಗ ಗೊತ್ತಿದ್ದಿಲ್ಲೇನು?” ಎಂದಳು. ಇವರು ನೆಟ್ಟಗೆ ಹಿತ್ತಲಿಗೆ ನಡೆದರು.

ನಾನು ಬಿಡುತ್ತೇನೆಯೇ? ಕೈಯಲ್ಲಿದ್ದ ಲಟ್ಟಣಿಗೆ ಸಮೇತ ಹಿಂದೆ ಹೋದೆ. ಹುಣಸೆಗಿಡದ ಬೊಡ್ಡೆಗೆ ಕೈ ಕೊಟ್ಟು ನಿಂತಿದ್ದರು.

“ಅವರ ಮನ್ಯಾಗ ಕುಂತಿದ್ರ ನಿಮ್ಮ ಗಂಟೇನು ಹೋಗತಿತ್ರೀ?” ಎಂದೆ.

“ಕುಂದ್ರಾಕ ಆಗಂಗಿಲ್ಲ ಸುನಂದಾ.”

“ಆ ಮನ್ಯಾಗ ಏನು ಕೊರತಿ ಕಂಡ್ರಿ?”

“ಆ ಮನ್ಯಾಗಲ್ಲ. ಎಲ್ಲೀನೂ ಆಗಂಗಿಲ್ಲ.”

ಆಮೇಲೆ ಒಂದೊಂದೇ ಹೊರಗೆ ಬಂತು. ಕುಂತರೆ ಬೆಂಕಿ. ಸಂಡಾಸಿಗೆ ಹೋದರೆ ರಕ್ತ. ಧೋತರ ಒಗೆದದ್ದು ಅದಕ್ಕೇ. ಆ ದಿನ ರಸ್ತೆಯ ತಗ್ಗಿನಲ್ಲಿ ಕುಲುಕಾಡಿ ರಕ್ತ ಜಿನುಗಿತ್ತು. ಹೆಣ್ಣು ಕೊಡುವ ಮನೆಯ ಹಾಲಿನಂಥ ಚಾದರದ ಮೇಲೆ ಕಲೆ ಬಿದ್ದರೆ ಏನು ಗತಿ ಎಂದು ನಿಂತರು.

“ನನಗ ಹೇಳಬಾರದಾ? ನಾನೇನು ಹೊರಗಿನವಳಾ?”

“ಅದು ದೊಡ್ಡ ಬ್ಯಾನಿ ಇದ್ರ? ಕ್ಯಾನ್ಸರ್ ಅಂದುಬಿಟ್ರ? ಆಪರೇಶನ್ ಅಂದುಬಿಟ್ರ? ಕೂಸಿನ ಮದಿವಿ ಮುಗೀಲಿ, ಆಮ್ಯಾಲೆ ನೋಡಿಕೊಳ್ಳೋಣು ಅಂತ ತಡಕೊಂಡಿದ್ದೆ” ಎಂದರು. ಮಗಳ ಮದುವೆಗಾಗಿ ಮುಚ್ಚಿಟ್ಟು ಮಗಳ ಮದುವೆಯನ್ನೇ ಮುರಿದು ಕುಂತಿದ್ದರು. ಅಲ್ಲ, ನಿಂತಿದ್ದರು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡೂ ಬಂದ ಮೇಲೆ ಸಿಟ್ಟು ಬಂತು. “ನಾಳೆ ರಾಯಚೂರಿಗೆ ನಡೀರಿ” ಎಂದೆ.

ಬಸ್ಸಿನಲ್ಲಿ ಬೇಕಾದಷ್ಟು ಸೀಟು ಖಾಲಿ. ಇವರು ಕಂಬಿ ಹಿಡಿದು ನಿಂತರು. ನೀರಮಾನ್ವಿ ದಾಟುವ ಹೊತ್ತಿಗೆ ಕಂಡಕ್ಟರಿಗೆ ತಡೆಯಲಾಗಲಿಲ್ಲ. “ಯಜಮಾನ್ರ, ಸೀಟು ಅದಾವಲ್ರೀ, ಕುಂದ್ರ್ರಿ.” ಇವರು ನನ್ನ ಮುಖ ನೋಡಿದರು. “ಅವರದು ಹರಕಿ ಅದಪ್ಪಾ, ಕುಂದ್ರಂಗಿಲ್ಲ” ಎಂದೆ. ಅವನು ಭಕ್ತಿಯಿಂದ ಟೋಪಿ ತೆಗೆದು, ರಾಯಚೂರು ಬರುವ ತನಕ ಇವರ ಮೈಗೆ ಯಾರೂ ತಾಕದಂತೆ ನೋಡಿಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಯ ಪರದೆ ಸರಿಸಿದವರೇ ಇವರು ಗಕ್ಕನೆ ನಿಂತರು. ಒಳಗೆ ಕುಂತವರು ಹೆಂಗಸು. ಉಮಾದೇವಿ ಎಂದು ಹೆಸರು, ದೇವಸುಗೂರಿನ ಕಡೆಯವರು, ನಮ್ಮ ತಂಗಿಯ ವಯಸ್ಸು. ಇವರು ತಿರುಗಿದರು. ಬಾಗಿಲಿನಲ್ಲಿ ನಾನಿದ್ದೆ. ನಾನು ಸಣ್ಣವಳಲ್ಲ, ಸುಲಭಕ್ಕೆ ದಾಟಿ ಹೋಗುವುದು ಆಗುವ ಮಾತಲ್ಲ.

“ಗಂಡಸು ಡಾಕ್ಟರು ಯಾರೂ ಇಲ್ಲೇನ್ರೀ ಯವ್ವಾ?” ಎಂದು ನೆಲಕ್ಕೆ ಹೇಳಿದರು.

“ಅದಾರ, ಆದ್ರ ರಜಾದ ಮ್ಯಾಲೆ ಅದಾರ. ಬರೋತನಕ ನಿಂತಿರ್ತೀರೇನು?” ಎಂದರು ಡಾಕ್ಟರು. “ನೋಡ್ರಿ ಯಪ್ಪಾ, ಇಲ್ಲಿ ದಿನಾ ಇದೇ ಸಲುವಾಗಿ ಜನ ಬರ್ತಾರ. ನಾಳೆ ಸಂತ್ಯಾಗ ಸಿಕ್ಕರ ನಿಮ್ಮ ಮುಖಾನೂ ನನಗ ಗುರುತು ಸಿಗಂಗಿಲ್ಲ. ನಾಚಿಕಿ ಬಿಟ್ಟು ಮಕ್ಕೊಳ್ರಿ.”

ಸಣ್ಣ ನಳಿಗೆ ಹಾಕಿ ಒಳಗೆ ನೋಡಿದರು. ನಾನು ಪರದೆಯ ಈಚೆ ಶಿವಶಿವಾ ಎನ್ನುತ್ತಿದ್ದೆ. ಹೊರಗೆ ಬಂದು ಕೈ ತೊಳೆಯುತ್ತಾ, “ಒಳಮೂಲ. ರಕ್ತ ಬರೋದು ಅಲ್ಲಿಂದನೇ. ನೀವು ಅಂಜಿದಂಥಾದ್ದು ಏನೂ ಕಾಣವಲ್ದು” ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. “ಆಪರೇಶನ್ ಬ್ಯಾಡ. ರಬ್ಬರ್ ಬ್ಯಾಂಡ್ ಹಾಕ್ತೀನಿ.”

“ರಬ್ಬರ್ ಬ್ಯಾಂಡಾ?” ಎಂದು ಇವರು ಮಂಚದ ಮೇಲಿನಿಂದಲೇ ಕತ್ತು ಎತ್ತಿದರು. “ಖಾನಾವಳ್ಯಾಗ ಸಾರಿನ ಪಾಕೀಟಿಗೆ ಹಾಕ್ತಾರಲ್ಲ, ಅದಾ?”

“ಅದರ ತಮ್ಮ ಅಂತ ತಿಳಕೊಳ್ರಿ” ಎಂದು ಡಾಕ್ಟರು ನಕ್ಕರು. ಆಮೇಲೆ ಸಮಾಧಾನವಾಗಿ ತಿಳಿಸಿದರು. ಬಾತುಕೊಂಡ ಗಂಟಿನ ಬುಡಕ್ಕೆ ಬಿಗಿಯಾಗಿ ಆ ಸಣ್ಣ ಬ್ಯಾಂಡ್ ಹಾಕಿದರೆ ಅದಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ. ವಾರ ಹತ್ತು ದಿನದಲ್ಲಿ ಗಂಟು ಒಣಗಿ ಬ್ಯಾಂಡಿನ ಸಂಗಡ ತಾನೇ ಉದುರುತ್ತದೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಆಸ್ಪತ್ರೆಯಲ್ಲಿ ಮಲಗಬೇಕಾಗಿಯೂ ಇಲ್ಲ. ಒಳಗಿನ ಆ ಜಾಗಕ್ಕೆ ಅಷ್ಟಾಗಿ ನೋವೂ ತಿಳಿಯುವುದಿಲ್ಲ.

ಹೊರಗೆ ಬೆಂಚಿನ ಮೇಲೆ ಕುಂತು ಚಹಾ ತರಿಸಿಕೊಂಡೆ. ಅದು ಆರುವ ಮೊದಲೇ ಇವರು ಪರದೆ ಸರಿಸಿ ಬಂದರು.

“ಆತಂತ.”

“ಏನಾತಂತ?”

“ಅದಾ. ಮುಗೀತಂತ.” ಹುಬ್ಬು ಮೇಲೆ ಹೋಗಿ ಅಲ್ಲೇ ನಿಂತಿತ್ತು. “ಇಷ್ಟಕ್ಕ ನಾನು ಇಷ್ಟು ದಿನ ನಿಂತೀನಲ್ಲೇ ಸುನಂದಾ!”

ಡಾಕ್ಟರು ಹೊರಗೆ ಬಂದು ನನಗೇ ತಾಕೀತು ಮಾಡಿದರು, ಹೆಂಡತಿಗೆ ಹೇಳಿದರೆ ನಡೆಯುತ್ತದೆ ಎಂದು ಅವರಿಗೂ ಗೊತ್ತು. ತಂಬಿಗೆ ತಂಬಿಗೆ ನೀರು, ಸೊಪ್ಪು, ಕಾಳು, ಜೋಳದ ರೊಟ್ಟಿ. ಮಿರ್ಚಿಗೆ ಸದ್ಯ ಕೈ ಮುಗಿಯಬೇಕು. ಸಂಡಾಸಿನಲ್ಲಿ ಮೊಬೈಲು ಹಿಡಿದು ಕೂರುವುದು, ತಿಣುಕುವುದು ಬಂದ್. ಬಿಸಿನೀರಿನ ಟಬ್ಬಿನಲ್ಲಿ ದಿನಾ ಸ್ವಲ್ಪ ಹೊತ್ತು ಕೂರಬೇಕು. ಉದುರುವಾಗ ಸ್ವಲ್ಪ ರಕ್ತ ಕಂಡರೆ ಗಾಬರಿ ಬೇಡ. ಜ್ವರ ಬಂದರೆ, ಮೂತ್ರ ಕಟ್ಟಿದರೆ, ತಡೆಯಲಾರದ ನೋವಾದರೆ, ರಕ್ತ ಹೆಚ್ಚಾದರೆ ಕೂಡಲೇ ಬರಬೇಕು. “ಗಂಟು ಉದುರಿದ ಮ್ಯಾಲೂ ಮತ್ತ ರಕ್ತ ಕಂಡ್ರ ಪೂರ್ತಿ ಕರುಳು ನೋಡಬೇಕಾಗ್ತದ, ಮತ್ತ ಮುಚ್ಚಿಡಬ್ಯಾಡ್ರಿ” ಎಂದು ಇವರ ಕಡೆ ಬೆರಳು ತೋರಿಸಿದರು.

ಎರಡು ದಿನ ಒಳಗೆ ಏನೋ ಭಾರ ಸಿಕ್ಕಿಕೊಂಡ ಹಾಗೆ ಅನಿಸುತ್ತದೆ ಎಂದು ಒದ್ದಾಡಿದರು. ನನ್ನ ಹಪ್ಪಳದ ಹಿಟ್ಟಿನ ಟಬ್ಬು ಬಿಸಿನೀರಿಗೆ ಹೋಯಿತು. ಹೋಗಲಿ, ಅದನ್ನು ಮತ್ತೆ ಅಡುಗೆಮನೆಗೆ ತರುವ ಮಾತಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಒಲೆಯ ಮುಂದೆ ಮಣೆ ಎಳೆದ ಸಪ್ಪಳ. ತಿರುಗಿ ನೋಡಿದರೆ ಇವರು ಪದ್ಮಾಸನ ಹಾಕಿ ಕುಂತು, ತಟ್ಟೆ ಮುಂದಿಟ್ಟುಕೊಂಡು, ಸಣ್ಣ ಕೂಸಿನ ಹಾಗೆ ನಗುತ್ತಿದ್ದಾರೆ. ನನಗೆ ಕಣ್ಣು ಮಂಜಾಗಿ ಆ ರೊಟ್ಟಿ ಸೀದುಹೋಯಿತು. ಸೀದದ್ದನ್ನೇ ತಿಂದರು.

ಬೇನೆ ಹೋಯಿತು. ಮುರಿದ ಮಾತು? ಮಹಾಂತಯ್ಯನವರ ಕೈಯಲ್ಲಿ ಏನಾದರೂ ನೆಪ ಹೇಳಿ ಕಳಿಸೋಣ, ಬೆನ್ನುನೋವು ಅನ್ನೋಣ ಎಂದೆ ನಾನು. ಇವರು ರೊಟ್ಟಿ ಮುರಿಯುತ್ತಾ ಯೋಚಿಸಿದರು. “ಸುಳ್ಳು ಹೇಳಿ ಇಲ್ಲೀತನಕ ಬಂದಾದ. ಇನ್ನು ಬ್ಯಾಡ. ನಾನೇ ಹೋಗಿ ಹೇಳ್ತೀನಿ” ಎಂದರು. ಎದುರಿನ ಗೋಡೆಯ ಅಕ್ಷರಕ್ಕೆ ಬೆನ್ನು ತಿರುಗಿಸಿದ್ದ ಮನುಷ್ಯ! ನನಗೆ ಆ ಹೊತ್ತು ಇವರ ಮೇಲೆ ಬಂದಷ್ಟು ಪ್ರೀತಿ ಮದುವೆಯಾದ ಹೊಸದರಲ್ಲಿಯೂ ಬಂದಿರಲಿಲ್ಲ.

ಹೇಳದೆ ಕೇಳದೆ ದೇವದುರ್ಗಕ್ಕೆ ಹೋದೆವು. ಬಸವಲಿಂಗಪ್ಪ ಪಡಸಾಲೆಯಲ್ಲಿದ್ದರು. ಬರ್ರಿ ಎಂದರು, ಕುಂದ್ರ್ರಿ ಎನ್ನಲಿಲ್ಲ. ಜಮಖಾನ ಸುತ್ತಿ ಮೂಲೆಗಿಟ್ಟಿತ್ತು. ಇವರು ನೆಟ್ಟಗೆ ಹೋಗಿ ಆ ಬರಿ ಕಡಪಾ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಂತರು.

“ಯವ್ವಾ, ಒಂದು ತಂಬಿಗಿ ನೀರು ಕೊಡ್ರಿ” ಎಂದು ಒಳಗೆ ಕೂಗಿ, ಬಸವಲಿಂಗಪ್ಪನವರ ಕಡೆ ತಿರುಗಿದರು. “ಬೀಗರ, ಅವತ್ತು ನಿಮ್ಮ ಮನಿ ನನಗ ಸೇರದೇ ನಿಂತಿದ್ದಿಲ್ಲ. ನನಗ ಮೂಲವ್ಯಾಧಿ ಆಗಿತ್ತು. ರಕ್ತ ಹೋಗಾಕತ್ತಿತ್ತು. ನಿಮ್ಮ ಬಿಳೀ ಚಾದರ ಹೊಲಸಾದೀತು ಅಂತ ನಿಂತೆ. ಹೇಳಾಕ ನಾಚಿಕಿ ಬಂತು. ಈಗ ರಾಯಚೂರಾಗ ಉಮಾದೇವಿ ಅಂತ ಹೆಣ್ಮಗಳು ಡಾಕ್ಟರು ರಬ್ಬರ್ ಬ್ಯಾಂಡ್ ಹಾಕಿ ನೆಟ್ಟಗ ಮಾಡ್ಯಾರ. ನೋಡ್ರಿ, ಕಲ್ಲಿನ ಮ್ಯಾಲೆ ಕುಂತೀನಿ. ನನ್ನ ನಾಚಿಕಿ ಸಲುವಾಗಿ ಮಕ್ಕಳ ಬಾಳು ಕೆಡಿಸಬ್ಯಾಡ್ರಿ.”

ಬಸವಲಿಂಗಪ್ಪ ಇವರನ್ನು ನೋಡಿದರು, ಇವರು ಕುಂತ ಕಲ್ಲನ್ನು ನೋಡಿದರು. ಮೀಸೆ ಅಲ್ಲಾಡಿತು. ಆಮೇಲೆ ಆ ಮಾತು ಕಡಿಮೆಯ ಮನುಷ್ಯ ತೊಡೆ ಬಡಿದುಕೊಂಡು ನಕ್ಕ ನಗುವಿಗೆ ಮಾಳಿಗೆಯ ಪಾರಿವಾಳ ಹಾರಿದವು. “ಅದಕ್ಕ ಏನ್ರೀ ಕಂಬ, ಕಿಟಕಿ ನೋಡಿದ್ದು! ಏ ಉದಯ, ಜಮಖಾನ ಹಾಸೋ! ಸಕ್ರಿ ತಗೊಂಡು ಬಾ ಬೇ!”

ಸಕ್ಕರೆ ಹೊರಗೆ ಬಂತು. ಇವರು ಕುಂತು ನೀರು ಕುಡಿದರು, ಕುಂತು ಸಕ್ಕರೆ ತಿಂದರು. ಉದಯಕುಮಾರ ಫೋನು ಹಿಡಿದುಕೊಂಡು ಹೊರಗೆ ಓಡಿದ. ಯಾರಿಗೆ ಎಂದು ಕೇಳುವ ಅಗತ್ಯ ಇರಲಿಲ್ಲ.

ಬಸವಂತಮ್ಮ ನನ್ನ ಮುಂಗೈ ಹಿಡಿದು ಅಡುಗೆಮನೆಗೆ ಕರೆದೊಯ್ದರು. ಬಾಗಿಲು ಮುಂದೆ ಮಾಡಿದರು.

“ಡಾಕ್ಟರು ಹೆಣ್ಮಗಳು ಅಂದ್ರಲ್ಲ ಯಣ್ಣಾರು. ಖರೇನಾ?”

“ಖರೇ ಅದ ರೀ.”

“ನನಗೂ ಅದ ರೀ. ಉದಯ ಹುಟ್ಟಿದಾಗಿನಿಂದ ಅದ. ಗಂಡಸು ಡಾಕ್ಟರ ಮುಂದ ಹ್ಯಾಂಗ ಹೇಳಲಿ? ಇವರಿಗೂ ಹೇಳಿಲ್ಲ.” ಹೇಳಿ ಸೆರಗು ಬಾಯಿಗೆ ಒತ್ತಿಕೊಂಡರು.

ನನಗೆ ಆ ಮೊದಲಿನ ದಿನ ಕಣ್ಣ ಮುಂದೆ ಬಂತು. ನಾವು ಬಂದಾಗ ಬಸವಂತಮ್ಮ ಬಾಗಿಲಿಗೆ ಆತು ನಿಂತಿದ್ದರು, ಹೋಗುವಾಗಲೂ ಅಲ್ಲೇ ನಿಂತಿದ್ದರು. ನಮ್ಮ ಮನೆಗೆ ಹೆಣ್ಣು ನೋಡಲು ಬಂದಾಗಲೂ ಅಡುಗೆಮನೆಯಲ್ಲಿ ನನ್ನ ಸಂಗಡ ನಿಂತೇ ಮಾತಾಡಿದ್ದರು. ಎಷ್ಟು ಕೆಲಸಗಾರ್ತಿ ಎಂದು ನಾನು ಮೆಚ್ಚಿಕೊಂಡಿದ್ದೆ. ನನ್ನ ಗಂಡ ಒಂದು ದಿನ ಕುಂದರಲಿಲ್ಲ ಎಂದು ಎರಡು ಊರು ಮಾತಾಡಿದವು, ಒಂದು ಮದುವೆ ಮುರಿಯಿತು. ಈ ಹೆಣ್ಣುಮಗಳು ಮಗ ಹುಟ್ಟಿ ಅವನು ಮದುವೆಗೆ ಬರುವ ತನಕ ನಿಂತೇ ಇದ್ದಾಳೆ, ಯಾಕ ನಿಂತೀ ಎಂದು ಒಬ್ಬರೂ ಕೇಳಿಲ್ಲ. ನಾನೂ ಕೇಳಿರಲಿಲ್ಲ.

“ನಾಳೇನೇ ಹೋಗೋಣು. ಬಸ್ಸಿನ್ಯಾಗ ನಾನೂ ನಿಮ್ಮ ಸಂಗಾಟ ನಿಂತು ಬರ್ತೀನಿ” ಎಂದೆ. ಅವರು ಅಳುತ್ತಲೇ ನಕ್ಕರು.

ಅವರದು ಹಳೆಯದಾದ್ದರಿಂದ ಡಾಕ್ಟರಮ್ಮ ಎರಡು ಸಲ ಕರೆದು ಬ್ಯಾಂಡ್ ಹಾಕಿದರು. ಎರಡು ಸಲವೂ ನಾನೇ ಜೊತೆಗೆ. ಇಬ್ಬರೂ ಸೀರೆ ತರಲು ರಾಯಚೂರಿಗೆ ಹೋಗಿದ್ದೇವೆ ಎಂದು ಗಂಡಸರು ತಿಳಿದಿದ್ದರು. ಎರಡನೆಯ ಸಲ ಬರುವಾಗ ದಾರಿಯಲ್ಲಿ ಬಸವಂತಮ್ಮ ತಾವೇ, “ಇವತ್ತು ಮನಿಗೆ ಹೋಗಿ ಇವರಿಗೆ ಹೇಳಿಬಿಡ್ತೀನಿ ರೀ. ನಿಮ್ಮ ಯಜಮಾನ್ರು ನಮ್ಮೆಲ್ಲಾರ ಮುಂದ ಹೇಳ್ಯಾರ, ನನಗೇನು ಧಾಡಿ” ಎಂದರು. ಹೇಳಿದರಂತೆ. ಮರುದಿನ ಬಸವಲಿಂಗಪ್ಪ ಅಂಗಡಿ ತೆರೆಯದೆ ಹೆಂಡತಿಯ ಬಳಿಯೇ ಕುಂತಿದ್ದರಂತೆ.

ಮೊನ್ನೆ ನಮ್ಮ ಮನೆಯಲ್ಲಿ ನಿಶ್ಚಯ ಆಯಿತು. ಐಶ್ವರ್ಯಾಳಿಗೆ ಉಡಿ ತುಂಬಿದ ಮೇಲೆ ಎಲ್ಲರೂ ಪಂಕ್ತಿಗೆ ಕೂರುವ ಗದ್ದಲ. ಇವರು ತಮ್ಮ ಹಳೆಯ ಗಂಟಲು ತೆಗೆದು ಬಾಗಿಲಿನಿಂದ ಕೂಗುತ್ತಿದ್ದರು: “ಬರ್ರಿ, ಕುಂದ್ರ್ರಿ! ಬೀಗತೇರ, ನೀವೂ ಕುಂದ್ರ್ರಿ!”

ಜಮಖಾನದ ಮೇಲೆ, ಬಿಳಿ ಚಾದರದ ನಟ್ಟನಡುವೆ, ನನ್ನ ಪಕ್ಕದಲ್ಲಿ ಕಾಲು ಮಡಿಚಿ ಕುಂತಿದ್ದ ಬಸವಂತಮ್ಮ ತಲೆ ಎತ್ತಿದರು.

“ಕುಂತೀನ್ರೀ ಯಣ್ಣಾ” ಎಂದರು. ಊಟ ಬಡಿಸಿ ಮುಗಿಯುವ ತನಕ ಏಳಲಿಲ್ಲ.